ಸಾಬು ದೊಡ್ಡವನಾದ ಮೇಲೆ

ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗ ಗೆಳೆಯರ ಜೊತೆ ಸೇರಿ ಒಂದು ಕಿರುಚಿತ್ರ ಮಾಡಿದ. ಅವನಿಗೆ ಹದಿನೈದು ವರ್ಷ. ಕಥೆ ಅವನದೇ, ಕ್ಯಾಮೆರಾ ಅವನದೇ, ಎಡಿಟಿಂಗೂ ಅವನದೇ. ಅರ್ಧ ಶೂಟಿಂಗ್ ನಮ್ಮ ಗ್ಯಾರೇಜಿನಲ್ಲೇ ಆಯಿತು. ಎರಡು ವಾರ ನಾನು ಕಾರನ್ನು ಬೀದಿಯಲ್ಲಿ ನಿಲ್ಲಿಸಿದ್ದೆ. ಹನ್ನೊಂದು ನಿಮಿಷದ ಆ ಚಿತ್ರ ನೋಡಿ ನನಗೂ ನನ್ನ ಹೆಂಡತಿಗೂ ತುಂಬಾ ಖುಷಿಯಾಯಿತು. ಆದರೆ ಒಂದು ವಿಷಯ ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ. ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ಹೊರಡುವ ಹುಡುಗ, ಅಂದರೆ ಕಥೆಯ ಹೀರೋ, ಪಕ್ಕದ ಬೀದಿಯ ಬಿಳಿ ಹುಡುಗ. ನನ್ನ ಮಗ ತನಗೆ ಇಟ್ಟುಕೊಂಡಿದ್ದು ಕಂಪ್ಯೂಟರ್ ಮುಂದೆ ಕೂತು ಪಾಸ್‌ವರ್ಡ್ ಒಡೆದುಕೊಡುವ ಗೆಳೆಯನ ಪಾತ್ರ. ಆ ಗೆಳೆಯನಿಗೆ ಅಪ್ಪ ಅಮ್ಮ ಇಲ್ಲ, ಮನೆ ಇಲ್ಲ. ಕೊನೆಯ ದೃಶ್ಯದಲ್ಲಿ ಅವನೇ ಇಲ್ಲ.

"ನೀನೇ ಯಾಕೆ ಹೀರೋ ಆಗ್ಲಿಲ್ಲ?" ಅಂತ ಕೇಳಿದೆ.

"ಹಾಗಿದ್ರೇ ಚೆನ್ನಾಗಿರತ್ತಪ್ಪ, ಸಿನಿಮಾ ಥರ ಇರತ್ತೆ" ಅಂದ.

ಅವನಿಗೆ ಯಾರೂ ಬೇಡ ಅಂದಿರಲಿಲ್ಲ. ಕಥೆ ಬರೆಯುವ ಪೆನ್ನು ಅವನ ಕೈಯಲ್ಲೇ ಇತ್ತು. ಆದರೂ ತಾನಾಗಿಯೇ ಪಕ್ಕಕ್ಕೆ ಸರಿದು ನಿಂತ. ನನಗೆ ನೋವಾಗಿದ್ದು ಅದಕ್ಕೆ.

ನಾವಿರುವುದು ಲಾಸ್ ಏಂಜಲಿಸ್‌ನ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ. ನಾನು ಮೈಸೂರಿನವನು, ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ದೊಡ್ಡ ದೊಡ್ಡ ಸ್ಟುಡಿಯೋಗಳು ನಮ್ಮ ಮನೆಯಿಂದ ದೂರವೇನಲ್ಲ. ಮಗನ ಶಾಲೆಯಲ್ಲಿ ಕೊರಿಯಾ, ಫಿಲಿಪ್ಪೀನ್ಸ್, ಚೀನಾ, ವಿಯೆಟ್ನಾಂ, ನಮ್ಮ ದೇಶ, ಎಲ್ಲ ಕಡೆಯ ಮಕ್ಕಳೂ ಇದ್ದಾರೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಏಷ್ಯಾ ಮೂಲದವರು ಸುಮಾರು 2 ಕೋಟಿ 40 ಲಕ್ಷ. ನೂರಕ್ಕೆ ಏಳು ಜನ. ಬೀದಿಯಲ್ಲಿ ಕಾಣುವ ಈ ಮುಖಗಳು ಪರದೆಯ ಮೇಲೆ ಎಲ್ಲಿ ಹೋಗುತ್ತವೆ?

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇದರ ಲೆಕ್ಕ ಕೊಟ್ಟರು. 2007ರಿಂದ 2019ರವರೆಗೆ ಅತಿ ಹೆಚ್ಚು ಗಳಿಸಿದ 1,300 ಚಿತ್ರಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಏಷ್ಯಾ ಅಥವಾ ಪೆಸಿಫಿಕ್ ದ್ವೀಪಗಳ ಮೂಲದವರು ಮುಖ್ಯ ಪಾತ್ರದಲ್ಲಿದ್ದದ್ದು 44ರಲ್ಲಿ. ಆ 44ರಲ್ಲಿ 14 ಒಬ್ಬನೇ ನಟನ ಚಿತ್ರಗಳು. ಡ್ವೇನ್ ಜಾನ್ಸನ್, ತಾಯಿಯ ಕಡೆಯಿಂದ ಸಮೋವಾದವರು. ಅವರನ್ನು ಬಿಟ್ಟರೆ 30. ಹದಿಮೂರು ವರ್ಷಕ್ಕೆ ಮೂವತ್ತು ಚಿತ್ರ. ನನ್ನ ಮಗ ಹುಟ್ಟಿ, ಮಾತು ಕಲಿತು, ಥಿಯೇಟರಿನಲ್ಲಿ ನನ್ನ ತೊಡೆ ಮೇಲೆ ಕೂತು ಸಿನಿಮಾ ನೋಡಿದ್ದು ಇದೇ ವರ್ಷಗಳಲ್ಲಿ. "ಸಿನಿಮಾ ಥರ" ಅಂದರೆ ಹೇಗೆ ಅಂತ ಅವನು ಕಲಿತದ್ದೂ ಆಗಲೇ.

ಊರಿಂದ ನೆಂಟರು ಬಂದರೆ ಹಾಲಿವುಡ್ ಬುಲೆವಾರ್ಡ್ ತೋರಿಸಲೇಬೇಕು. ಕಾಲುದಾರಿಯ ಮೇಲೆ ನಟ ನಟಿಯರ ಹೆಸರಿನ ನಕ್ಷತ್ರಗಳಿವೆಯಲ್ಲ, ಅವುಗಳ ಪಕ್ಕ ಕೂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅವರನ್ನು ಒಂದು ನಕ್ಷತ್ರದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ಅದರ ಮೇಲಿರುವುದು ನಾಲ್ಕೇ ಇಂಗ್ಲಿಷ್ ಅಕ್ಷರ. ಸಾಬು. "ಯಾರಪ್ಪಾ ಇದು?" ಅಂತ ಕೇಳುತ್ತಾರೆ. ನಮ್ಮ ಎಚ್.ಡಿ. ಕೋಟೆ ತಾಲೂಕಿನ ಕಾರಾಪುರದ ಹುಡುಗ ಅಂದರೆ ನಂಬುವುದಿಲ್ಲ.

ಸಾಬು ಹುಟ್ಟಿದ್ದು 1924ರಲ್ಲಿ, ಕಬಿನಿ ತೀರದ ಕಾರಾಪುರದಲ್ಲಿ. ಮಾವುತನ ಮಗ. ತಂದೆ ಬೇಗ ತೀರಿಹೋದ ಮೇಲೆ ಮಹಾರಾಜರ ಆನೆ ಲಾಯದ ಆಸರೆಯಲ್ಲಿ ಬೆಳೆದ. ಆನೆಯ ಕಥೆಯ ಸಿನಿಮಾಕ್ಕೆ ಒಬ್ಬ ಹುಡುಗನನ್ನು ಹುಡುಕುತ್ತಾ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ತಂಡದ ಕಣ್ಣಿಗೆ ಬಿದ್ದ. ಮೈಸೂರು ಸೀಮೆಯಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆದು 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ಆಮೇಲೆ 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಶುರುವಾದ ಆ ಚಿತ್ರವನ್ನು ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಸಬೇಕಾಯಿತು. ಹಾಗೆ ಸಾಬು ಈ ದಡ ಸೇರಿದ. 1942ರ 'ಜಂಗಲ್ ಬುಕ್'ನಲ್ಲಿ ಅವನೇ ಮೋಗ್ಲಿ. ಯೋಚನೆ ಮಾಡಿ, ನಮ್ಮ ದೇಶಕ್ಕಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆಗಲೇ ಮೈಸೂರು ಸೀಮೆಯ ಹುಡುಗನೊಬ್ಬ ಹಾಲಿವುಡ್ ಚಿತ್ರದ ಹೀರೋ ಆಗಿದ್ದ.

ಆಮೇಲೆ ಅವನು ದೊಡ್ಡವನಾದ. ಮೀಸೆ ಬರುವ ವಯಸ್ಸು. 1942ರಲ್ಲೇ ಬಂದ 'ಅರೇಬಿಯನ್ ನೈಟ್ಸ್' ನೋಡಿದರೆ ಹೀರೋ ಜಾನ್ ಹಾಲ್, ನಾಯಕಿ ಮಾರಿಯಾ ಮೊಂಟೆಜ್, ಸಾಬು ಅವರ ಜೊತೆಗಾರ. 1944ರ 'ಕೋಬ್ರಾ ವುಮನ್'ನಲ್ಲೂ ಅದೇ ಜೋಡಿ, ಸಾಬು ಮತ್ತೆ ಹೀರೋನ ಗೆಳೆಯ. ಪ್ರೀತಿ ಮಾಡುವವರು ಅವರು. ಕಾವಲು ಕಾಯುವವನು, ಬಳ್ಳಿ ಹಿಡಿದು ಹಾರುವವನು ಇವನು. ಅದೇ 1944ರಲ್ಲಿ ಸಾಬು ಅಮೆರಿಕದ ಪೌರನಾದ. ಇಲ್ಲಿನ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದು ಪೆಸಿಫಿಕ್ ಯುದ್ಧದಲ್ಲಿ ಹೋರಾಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಯುದ್ಧ ಮುಗಿಸಿ ವಾಪಸ್ ಬಂದ ಆ ಗಂಡಸಿಗೆ ಹಾಲಿವುಡ್ಡಿನಲ್ಲಿ ಪಾತ್ರಗಳೇ ಕಡಿಮೆಯಾಗುತ್ತಾ ಹೋದವು. 1950ರ ದಶಕದ ಶುರುವಿನಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. 1963ರ ಡಿಸೆಂಬರಿನಲ್ಲಿ, ನಮ್ಮ ಇದೇ ಕಣಿವೆಯ ಚಾಟ್ಸ್‌ವರ್ತ್‌ನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಆಗ 39 ವರ್ಷ. ಅವನು ಹೋದ ಮೇಲೆ, 1964ರಲ್ಲಿ ಬಂದ ಕೊನೆಯ ಚಿತ್ರವೂ ಒಂದು ಹುಲಿಯ ಕಥೆಯೇ.

ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿಗೆ ಒಮ್ಮೆ ಹೋಗಿದ್ದೆ. ಅಲ್ಲಿ ನಿಂತಾಗ ಅನಿಸಿದ್ದು ಇದು. ಹಾಲಿವುಡ್ ಅವನನ್ನು ಒಪ್ಪಿಕೊಂಡಿತ್ತು, ಪ್ರೀತಿಯಿಂದಲೇ ಒಪ್ಪಿಕೊಂಡಿತ್ತು. ಆದರೆ ಕಾಡಿನ ಹುಡುಗನಾಗಿ ಮಾತ್ರ. ಅಮೆರಿಕದಲ್ಲಿ ಮನೆ ಮಾಡಿದ, ಅಮೆರಿಕಕ್ಕಾಗಿ ಹೋರಾಡಿದ, ಹೆಂಡತಿ ಮಕ್ಕಳಿರುವ ಮನುಷ್ಯನ ಕಥೆ ಅವರಿಗೆ ಬೇಕಾಗಲಿಲ್ಲ. ಮೈ ಮೇಲೆ ಅಂಗಿ ಹಾಕಿಕೊಂಡ ಸಾಬು ಅವರಿಗೆ ಕಾಣಲೇ ಇಲ್ಲ.

ಇದು ಸಾಬು ಒಬ್ಬನ ಕಥೆಯಾಗಿದ್ದರೆ ಹಣೆಬರಹ ಅಂತ ಬಿಟ್ಟುಬಿಡಬಹುದಿತ್ತು. ಆನಾ ಮೇ ವಾಂಗ್ ಹುಟ್ಟಿದ್ದು ಇದೇ ಲಾಸ್ ಏಂಜಲಿಸ್‌ನಲ್ಲಿ, 1905ರಲ್ಲಿ. ಅಪ್ಪನದು ಬಟ್ಟೆ ಒಗೆಯುವ ಅಂಗಡಿ. 1922ರಲ್ಲಿ, ಹದಿನೇಳನೆಯ ವಯಸ್ಸಿಗೇ 'ದಿ ಟೋಲ್ ಆಫ್ ದಿ ಸೀ' ಚಿತ್ರದ ನಾಯಕಿ. ಚೀನಾದ ರೈತ ಕುಟುಂಬವೊಂದರ ಕಥೆ 'ದಿ ಗುಡ್ ಅರ್ತ್' ಸಿನಿಮಾ ಆಗುತ್ತದೆ ಅಂದಾಗ ಆ ರೈತನ ಹೆಂಡತಿ ಓಲಾನ್ ಪಾತ್ರ ತಮಗೇ ಸಿಗಬೇಕು ಅಂತ ಅವರು ಆಸೆಪಟ್ಟರು. ಸಿಗಲಿಲ್ಲ. ರೈತನ ಪಾತ್ರಕ್ಕೆ ಪಾಲ್ ಮುನಿ ಎಂಬ ಬಿಳಿಯ ನಟ ಬಂದಾಗಿತ್ತು. ಬಿಳಿಯರಿಗೂ ಬೇರೆ ಬಣ್ಣದವರಿಗೂ ಸಂಬಂಧ ತೋರಿಸಬಾರದು ಅಂತ ಆಗಿನ ಹಾಲಿವುಡ್ಡಿನ ಕಟ್ಟಳೆ. ಹಾಗಾಗಿ ಹೆಂಡತಿ ಪಾತ್ರಕ್ಕೂ ಬಿಳಿಯ ನಟಿಯೇ ಬೇಕಾಯಿತು. ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್ ಮೇಕಪ್ ಹಾಕಿಕೊಂಡು ಚೀನಾದ ಹೆಂಗಸಾದರು, ಆಸ್ಕರ್ ಕೂಡ ಗೆದ್ದರು. ವಾಂಗ್ ಅವರಿಗೆ ಆ ಕಥೆಯಲ್ಲಿ ತೋರಿಸಿದ್ದು ಮನೆ ಹಾಳು ಮಾಡುವ ಎರಡನೆಯ ಹೆಂಡತಿಯ ಪಾತ್ರ. ಅವರು ಒಲ್ಲೆ ಅಂದರು. ಆ ಒಲ್ಲೆ ಅನ್ನುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

2022ರಲ್ಲಿ ಅಮೆರಿಕ ಸರ್ಕಾರ 25 ಸೆಂಟ್ ನಾಣ್ಯದ ಮೇಲೆ ಅವರ ಮುಖ ಅಚ್ಚು ಹಾಕಿತು. ಈ ದೇಶದ ನಾಣ್ಯದ ಮೇಲೆ ಬಂದ ಮೊದಲ ಏಷ್ಯನ್ ಅಮೆರಿಕನ್ ಅವರು. ನಾಣ್ಯ ಬಂದದ್ದು ಅವರು ತೀರಿಕೊಂಡು 61 ವರ್ಷದ ಮೇಲೆ. ನಮ್ಮ ಮನೆ ದೇವರ ಕೋಣೆಯ ಹುಂಡಿಯಲ್ಲಿ ಆ ನಾಣ್ಯ ಒಂದಿದೆ. ಖರ್ಚು ಮಾಡಲು ಮನಸ್ಸು ಬರಲಿಲ್ಲ.

"ಅದೆಲ್ಲ ಹಳೇ ಕಾಲ ಬಿಡಿ" ಅಂತ ಇಲ್ಲಿನ ಗೆಳೆಯರು ಹೇಳುತ್ತಾರೆ. ಹಳೇ ಕಾಲವೇ? ಕಾಲೇಜು ಹುಡುಗರು ಲೆಕ್ಕದ ಬಲದಿಂದ ಇಸ್ಪೀಟಾಡಿ ಜೂಜಿನ ಮನೆಗಳನ್ನು ಸೋಲಿಸಿದ ನಿಜ ಕಥೆ 2008ರಲ್ಲಿ '21' ಎಂಬ ಸಿನಿಮಾ ಆಯಿತು. ನಿಜ ಕಥೆಯ ಮುಖ್ಯ ಹುಡುಗ ಚೀನಾ ಮೂಲದ ಅಮೆರಿಕನ್. ಸಿನಿಮಾದಲ್ಲಿ ಅವನು ಬಿಳಿಯ. 2015ರ 'ಅಲೋಹಾ'ದಲ್ಲಿ ಕಾಲು ಭಾಗ ಚೀನಾ, ಕಾಲು ಭಾಗ ಹವಾಯಿ ಮೂಲದ ಆಲಿಸನ್ ಇಂಗ್ ಎಂಬ ಪಾತ್ರಕ್ಕೆ ಎಮ್ಮಾ ಸ್ಟೋನ್ ಬಂದರು. ಆಮೇಲೆ ನಿರ್ದೇಶಕರು ಕ್ಷಮೆ ಕೇಳಿದರು. ಮರುವರ್ಷ ವಿಲಿಯಂ ಯು ಎಂಬ ಯುವಕ ದೊಡ್ಡ ಚಿತ್ರಗಳ ಪೋಸ್ಟರುಗಳಲ್ಲಿ ಹೀರೋನ ಮುಖ ತೆಗೆದು ಜಾನ್ ಚೋ ಮುಖ ಕೂರಿಸಿ ಎಲ್ಲರಿಗೂ ತೋರಿಸಿದ. ಜಾನ್ ಚೋ ಕೊರಿಯಾದ ಸೋಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನಟ. ಆ ಪೋಸ್ಟರುಗಳಲ್ಲಿ ಅವರು ಎಷ್ಟು ಸಹಜವಾಗಿ ಕಾಣುತ್ತಿದ್ದರು ಅಂದರೆ, ಇಷ್ಟು ದಿನ ಇದನ್ನು ಯಾಕೆ ಯಾರೂ ಮಾಡಲಿಲ್ಲ ಅನಿಸುತ್ತಿತ್ತು.

ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ. ಜನ ನೋಡಲ್ಲ, ದುಡ್ಡು ಬರಲ್ಲ. 90 ದಾಟಿದ ಹಿರಿಯ ನಟ ಜೇಮ್ಸ್ ಹಾಂಗ್ 2023ರ ನಟರ ಸಂಘದ ಪ್ರಶಸ್ತಿ ಸಮಾರಂಭದಲ್ಲಿ ಇದನ್ನೇ ನೆನಪಿಸಿಕೊಂಡರು. ಆಗಿನ ಕಾಲದಲ್ಲಿ ಬಿಳಿಯ ನಟರು ಕಣ್ಣಿಗೆ ಟೇಪ್ ಅಂಟಿಸಿಕೊಂಡು ನಮ್ಮ ಪಾತ್ರ ಮಾಡುತ್ತಿದ್ದರು, ಏಷ್ಯನ್ನರನ್ನು ಹಾಕಿದರೆ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ ಅಂತ ನಿರ್ಮಾಪಕರು ಹೇಳುತ್ತಿದ್ದರು ಅಂದರು. ಆ ಹಾಂಗ್ ಮತ್ತು ಮಾಕೋ ಮುಂತಾದವರು ಸೇರಿ 1965ರಲ್ಲಿ ಇದೇ ಊರಿನಲ್ಲಿ 'ಈಸ್ಟ್ ವೆಸ್ಟ್ ಪ್ಲೇಯರ್ಸ್' ನಾಟಕ ತಂಡ ಕಟ್ಟಿದ್ದು. ಪಾತ್ರ ಸಿಗದಿದ್ದರೆ ರಂಗವನ್ನೇ ಕಟ್ಟೋಣ ಅಂತ ಹೊರಟವರು.

ದುಡ್ಡಿನ ಮಾತನ್ನೇ ಆಡೋಣ. ದೊಡ್ಡ ಸ್ಟುಡಿಯೋ ಒಂದು 1993ರಲ್ಲಿ 'ದಿ ಜಾಯ್ ಲಕ್ ಕ್ಲಬ್' ಮಾಡಿತು, ಏಷ್ಯನ್ ಅಮೆರಿಕನ್ನರೇ ತುಂಬಿದ ಕಥೆ. ಮುಂದಿನದು ಬರಲು 25 ವರ್ಷ ಬೇಕಾಯಿತು. 2018ರಲ್ಲಿ 'ಕ್ರೇಜಿ ರಿಚ್ ಏಷಿಯನ್ಸ್' ಬಂದಾಗ ಸುಮಾರು 3 ಕೋಟಿ ಡಾಲರ್ ಖರ್ಚಿಗೆ 23 ಕೋಟಿಗೂ ಹೆಚ್ಚು ಡಾಲರ್ ಗಳಿಸಿತು. ಆ ಕಾದಂಬರಿ ಬರೆದ ಕೆವಿನ್ ಕ್ವಾನ್ ಹತ್ತಿರ ಒಬ್ಬ ನಿರ್ಮಾಪಕರು ಬಂದು ನಾಯಕಿಯನ್ನು ಬಿಳಿ ಹುಡುಗಿ ಮಾಡೋಣ ಅಂದಿದ್ದರಂತೆ. ಅಂಗಡಿಯಲ್ಲಿ ಇಡದ ಸಾಮಾನನ್ನು ಯಾರೂ ಕೊಳ್ಳುವುದಿಲ್ಲ ಅಂದರೆ ಹೇಗೆ? ಇಟ್ಟು ನೋಡಿದಾಗ ಜನ ಕೊಂಡರಲ್ಲ.

ಕನ್ನಡ ಸಂಘದ ಊಟದ ಹೊತ್ತಿನಲ್ಲಿ ಈ ಮಾತು ತೆಗೆದರೆ, "ನಮಗ್ಯಾಕೆ ಸಾರ್? ಅದು ಚೀನಾದವರು, ಕೊರಿಯಾದವರ ವಿಷಯ. ನಮ್ಮ ಮಕ್ಕಳೇನು ನಟರಾಗಬೇಕಾ?" ಅನ್ನುವವರೇ ಜಾಸ್ತಿ. ಅವರ ಮಾತು ನನಗೆ ಅರ್ಥವಾಗುತ್ತದೆ. ನಮಗೂ ಕೊರಿಯಾದವರಿಗೂ ಊಟ ಬೇರೆ, ಭಾಷೆ ಬೇರೆ, ದೇವರು ಬೇರೆ. ಏಷ್ಯನ್ ಅಮೆರಿಕನ್ ಎಂಬ ಹೆಸರೇ 1968ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಒಗ್ಗಟ್ಟಿಗಾಗಿ ಕಟ್ಟಿಕೊಂಡದ್ದು. ಆದರೆ ಈ ವಿಷಯದಲ್ಲಿ ನಮ್ಮ ಪಾಡೂ ಅವರದೇ. 1986ರ 'ಶಾರ್ಟ್ ಸರ್ಕ್ಯೂಟ್'ನಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾದದ್ದು ಫಿಶರ್ ಸ್ಟೀವನ್ಸ್. 'ದಿ ಸಿಂಪ್ಸನ್ಸ್' ಕಾರ್ಟೂನಿನ ಭಾರತೀಯ ಅಂಗಡಿಕಾರ ಅಪುವಿಗೆ ಮೂವತ್ತು ವರ್ಷ ದನಿ ಕೊಟ್ಟದ್ದು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ನ್ಯೂಜೆರ್ಸಿಯ ಗುಜರಾತಿ ಮನೆಯ ಕಲ್ಪೇನ್ ಮೋದಿ ಎಂಬ ಹುಡುಗ ಅರ್ಜಿಯಲ್ಲಿ ಹೆಸರನ್ನು ಕ್ಯಾಲ್ ಪೆನ್ ಅಂತ ಒಡೆದು ಬರೆದ ಮೇಲೆ ಆಡಿಷನ್ನಿಗೆ ಕರೆಗಳು ಹೆಚ್ಚಾದವಂತೆ. ಅದೇ ಮುಖ, ಅದೇ ನಟನೆ.

ಮತ್ತೆ, ಸಿನಿಮಾ ನೋಡುವವರು ನಮ್ಮ ಮಕ್ಕಳು ಮಾತ್ರ ಅಲ್ಲ. ಅವರಿಗೆ ಕೆಲಸ ಕೊಡುವವರು, ರಸ್ತೆಯಲ್ಲಿ ಅವರ ಕಾರು ನಿಲ್ಲಿಸುವ ಪೊಲೀಸರು, ಪಕ್ಕದ ಮನೆಯವರು, ಎಲ್ಲರೂ ನೋಡುತ್ತಾರೆ. 2017ರಲ್ಲಿ ಕನ್ಸಾಸಿನ ಒಲೇತ ಊರಿನಲ್ಲಿ ಒಬ್ಬ ತೆಲುಗು ಇಂಜಿನಿಯರನ್ನು, ನನ್ನ ದೇಶ ಬಿಟ್ಟು ಹೋಗು ಅಂತ ಕೂಗಿ ಗುಂಡಿಟ್ಟು ಕೊಂದರು. ಸಿನಿಮಾದಿಂದ ಆ ಗುಂಡು ಹಾರಿತು ಅಂತ ನಾನು ಹೇಳುವುದಿಲ್ಲ. ಆದರೆ ನೂರು ವರ್ಷ ನಮ್ಮನ್ನು ದೂರದೂರಿಂದ ಬಂದವರಾಗಿಯೇ ತೋರಿಸಿದರೆ, ಇವರದೂ ಇದೇ ಊರು ಅಂತ ನೋಡುವವರಿಗೆ ಅನಿಸುವುದು ಹೇಗೆ?

ಇನ್ನೊಂದು ಮಾತು ಹೇಳಬೇಕು. ಇದನ್ನು ನನಗೆ ಕಲಿಸಿದ್ದು ನನ್ನ ಹೆಂಡತಿ. ಅವಳು ಧಾರವಾಡದವಳು. ಮದುವೆಯಾದ ಹೊಸದರಲ್ಲಿ ಒಂದು ಕನ್ನಡ ಸಿನಿಮಾ ನೋಡುತ್ತಿದ್ದೆವು. ಉತ್ತರ ಕರ್ನಾಟಕದ ಮಾತಾಡುವ ವಾಚ್‌ಮನ್ ಒಬ್ಬ ಬಂದ. ಅವನು ಬಾಯಿ ಬಿಟ್ಟ ಕೂಡಲೇ ನಾನು ನಕ್ಕೆ, ಅವನು ಇನ್ನೂ ತಮಾಷೆ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ಮಂದಿಗೆ ಪ್ರೀತಿ ಆಗೂದಿಲ್ಲೇನ್ರಿ? ಅವ್ರು ಅಳೂದಿಲ್ಲೇನ್ರಿ?" ಅಂತ ಕೇಳಿದಳು. ಉತ್ತರ ಇರಲಿಲ್ಲ. ನಾವು ನೋಡಿ ಬೆಳೆದ ಎಷ್ಟೋ ಚಿತ್ರಗಳಲ್ಲಿ ಹೀರೋ ಮೈಸೂರು, ಬೆಂಗಳೂರಿನ ಕನ್ನಡ ಆಡುತ್ತಿದ್ದ. ಧಾರವಾಡದ ಮಾತು, ಮಂಗಳೂರಿನ ಮಾತು ಬಂದರೆ ಅದು ನಗಿಸುವುದಕ್ಕೆ. ಎಲ್ಲ ಸಿನಿಮಾನೂ ಹಾಗಲ್ಲ, ಆದರೆ ಹಾಗಿದ್ದವು ಬೇಕಾದಷ್ಟು. ಅಲ್ಲಿ ನನ್ನ ಮಾತೇ ಹೀರೋನ ಮಾತು. ಹಾಗಾಗಿ ನನಗೆ ಯಾವತ್ತೂ ಇದು ಕಂಡೇ ಇರಲಿಲ್ಲ. ಮುಖ್ಯ ಜಾಗದಲ್ಲಿ ಇರುವವನಿಗೆ ಇದು ಕಾಣುವುದಿಲ್ಲ. ಇಲ್ಲಿಗೆ ಬಂದು ಪಕ್ಕಕ್ಕೆ ನಿಂತ ಮೇಲೆ ಕಂಡಿತು.

ಎರಡೂ ಕಡೆ ಒಂದೇ ಅಂತ ಹೇಳುವುದಿಲ್ಲ. ಹಾಲಿವುಡ್ಡಿನಲ್ಲಿ ಬಣ್ಣದ ಹೆಸರಿನಲ್ಲಿ ಕಟ್ಟಳೆಯೇ ಇತ್ತು, ನಮ್ಮಲ್ಲಿ ಅಂಥದ್ದು ಇರಲಿಲ್ಲ. ಆದರೆ ಬದಲಾದ ರೀತಿ ಮಾತ್ರ ಎರಡೂ ಕಡೆ ಒಂದೇ ಥರ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ'ಯನ್ನು ತಾವೇ ಬರೆದು, ನಿರ್ದೇಶಿಸಿ, ತಾವೇ ಹೀರೋ ಆದರು. ತಲೆಯಲ್ಲಿ ಕೂದಲಿಲ್ಲದ ಕನ್ನಡ ಮೇಷ್ಟ್ರು, ಮಂಗಳೂರಿನ ಮಾತು, ಮದುವೆಯ ಚಿಂತೆ. ಆ ಮಾತಿನಲ್ಲಿ ನೋವೂ ಇದೆ ಅಂತ ಊರಿಗೆಲ್ಲ ಗೊತ್ತಾಯಿತು. 2022ರಲ್ಲಿ ರಿಷಬ್ ಶೆಟ್ಟಿಯವರ 'ಕಾಂತಾರ' ಕುಂದಾಪುರದ ಕಡೆಯ ಕನ್ನಡವನ್ನು ದೇಶಕ್ಕೆಲ್ಲ ಕೇಳಿಸಿತು. ಅವರೂ ತಾವೇ ಬರೆದು ತಾವೇ ನಿಂತವರು. ಇಲ್ಲಿಯೂ ಅಷ್ಟೇ. 2017ರ 'ದಿ ಬಿಗ್ ಸಿಕ್' ಬಂದದ್ದು ಪಾಕಿಸ್ತಾನ ಮೂಲದ ನಟ ಕುಮೇಲ್ ನಂಜಿಯಾನಿ ಮತ್ತು ಅವರ ಹೆಂಡತಿ ತಮ್ಮದೇ ಪ್ರೀತಿಯ ಕಥೆಯನ್ನು ಬರೆದದ್ದರಿಂದ. ಹಾಗಂತ ನಮ್ಮ ಕಥೆ ನಾವೇ ಬರೆಯಬೇಕು, ಬೇರೆಯವರು ಬರೆಯಬಾರದು ಅಂತಲೂ ಅಲ್ಲ. 2004ರಲ್ಲಿ ಜಾನ್ ಚೋ, ಕ್ಯಾಲ್ ಪೆನ್ ಇಬ್ಬರನ್ನೂ ಹೀರೋ ಮಾಡಿದ 'ಹೆರಾಲ್ಡ್ ಆ್ಯಂಡ್ ಕುಮಾರ್' ಚಿತ್ರವನ್ನು ಬರೆದ ಇಬ್ಬರೂ ಏಷ್ಯಾ ಮೂಲದವರಲ್ಲ. ಪಕ್ಕದ ಮನೆಯ ಹುಡುಗರನ್ನು ಕಣ್ಣು ಬಿಟ್ಟು ನೋಡಿದ್ದರು, ಅಷ್ಟೇ.

ಈಚೆಗೆ ಒಳ್ಳೆಯದು ಆಗಿದೆ, ಇಲ್ಲ ಅನ್ನಲಾರೆ. 2021ರಲ್ಲಿ 'ಮಿನಾರಿ'ಗಾಗಿ ಸ್ಟೀವನ್ ಯನ್ ಅತ್ಯುತ್ತಮ ನಟ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಆ ಪಟ್ಟಿಗೆ ಬಂದ ಮೊದಲ ಏಷ್ಯನ್ ಅಮೆರಿಕನ್ ಅವರು. ಆದರೆ ಅದೇ ವರ್ಷ ಗೋಲ್ಡನ್ ಗ್ಲೋಬ್‌ನವರು ಆ ಚಿತ್ರವನ್ನು ವಿದೇಶಿ ಭಾಷೆಯ ವಿಭಾಗಕ್ಕೆ ಹಾಕಿದರು. ಅರ್ಕಾನ್ಸಾಸಿನ ಹೊಲದಲ್ಲಿ ನಡೆಯುವ, ಅಮೆರಿಕದಲ್ಲೇ ತಯಾರಾದ, ಅಮೆರಿಕನ್ ನಿರ್ದೇಶಕರ ಸಿನಿಮಾ ಅದು. ಮನೆಯೊಳಗೆ ಕೊರಿಯನ್ ಮಾತಾಡುತ್ತಾರೆ ಅನ್ನುವುದೇ ಕಾರಣ. ನಮ್ಮ ಮನೆಯೊಳಗೆ ನಾವು ಕನ್ನಡ ಮಾತಾಡುತ್ತೇವೆ. ನಮ್ಮ ಮನೆ ಯಾವ ವಿಭಾಗಕ್ಕೆ ಸೇರುತ್ತದೆ?

2023ರಲ್ಲಿ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಚಿತ್ರಕ್ಕೆ ಮಿಶೆಲ್ ಯೋ ಅತ್ಯುತ್ತಮ ನಟಿ ಆಸ್ಕರ್ ಗೆದ್ದಾಗ ನಾವು ಮನೆಯಲ್ಲಿ ಚಪ್ಪಾಳೆ ತಟ್ಟಿದೆವು. ಅವರು ಮಲೇಷ್ಯಾದವರು. ಅದೇ ಚಿತ್ರದ ಕೀ ಹುಯ್ ಕ್ವಾನ್ ಅತ್ಯುತ್ತಮ ಪೋಷಕ ನಟ ಆದಾಗ ಮಾತ್ರ ನನಗೆ ಕಣ್ಣು ತುಂಬಿ ಬಂತು. ವಿಯೆಟ್ನಾಮಿನಿಂದ ನಿರಾಶ್ರಿತನಾಗಿ ಬಂದ ಹುಡುಗ. 1984ರಲ್ಲಿ ಇಂಡಿಯಾನಾ ಜೋನ್ಸ್ ಜೊತೆ ಓಡಾಡುತ್ತಾ ಲೋಕದ ಮಕ್ಕಳಿಗೆಲ್ಲ ಇಷ್ಟವಾಗಿದ್ದ. ದೊಡ್ಡವನಾದ ಮೇಲೆ ಪಾತ್ರಗಳೇ ಸಿಗಲಿಲ್ಲ. ನಟನೆ ಬಿಟ್ಟು ಹೊಡೆದಾಟದ ದೃಶ್ಯ ಹೊಂದಿಸುವ ಕೆಲಸಕ್ಕೆ ಹೋದರು. 'ಕ್ರೇಜಿ ರಿಚ್ ಏಷಿಯನ್ಸ್' ನೋಡಿದ ಮೇಲೆ ಮತ್ತೆ ನಟಿಸುವ ಆಸೆ ಹುಟ್ಟಿತಂತೆ. ಅವರು ವೇದಿಕೆಯಲ್ಲಿ ಅಳುತ್ತಾ ನಿಂತಾಗ ನನಗೆ ಚಾಟ್ಸ್‌ವರ್ತ್‌ನ ಸಾಬು ನೆನಪಾದ. ಇವರಿಗೆ ಎರಡನೆಯ ಸಲ ಬಾಗಿಲು ತೆರೆಯಿತು.

ಮಗನಿಗೆ ಇದನ್ನೆಲ್ಲ ಪಾಠದ ಹಾಗೆ ಹೇಳಲಿಲ್ಲ. ಹೇಳಿದರೆ ಎದ್ದು ಹೋಗುತ್ತಾನೆ. ಒಂದು ಶನಿವಾರ ರಾತ್ರಿ 'ಸರ್ಚಿಂಗ್' ಹಾಕಿದೆ. 2018ರ ಚಿತ್ರ. ಸ್ಯಾನ್ ಹೊಸೆಯಲ್ಲಿ ಒಬ್ಬ ಅಪ್ಪನ ಮಗಳು ಕಾಣೆಯಾಗುತ್ತಾಳೆ. ಅವಳ ಲ್ಯಾಪ್‌ಟಾಪ್ ತೆಗೆದು ಅಪ್ಪ ಒಂದೊಂದೇ ಜಾಡು ಹಿಡಿಯುತ್ತಾನೆ. ಅಪ್ಪನಾಗಿ ಜಾನ್ ಚೋ. ನಿರ್ದೇಶಕ ಅನೀಶ್ ಚಾಗಂಟಿ ಸ್ಯಾನ್ ಹೊಸೆಯಲ್ಲೇ ಬೆಳೆದ ತೆಲುಗು ಮನೆಯ ಹುಡುಗ. ಹತ್ತು ಲಕ್ಷ ಡಾಲರಿಗೂ ಕಡಿಮೆಯಲ್ಲಿ ಮಾಡಿದ ಚಿತ್ರ, ಸುಮಾರು ಏಳೂವರೆ ಕೋಟಿ ಡಾಲರ್ ಗಳಿಸಿತು. ಆ ಮನೆಯವರು ಕೊರಿಯಾ ಮೂಲದವರು. ಅದಕ್ಕಾಗಿ ಅವರಿಗೆ ಕಷ್ಟ ಬಂದದ್ದಲ್ಲ. ಅಪ್ಪನಿಗೆ ಮಗಳ ಮನಸ್ಸು ಗೊತ್ತಿರಲಿಲ್ಲ, ಅದು ಕಷ್ಟ.

ಕಂಪ್ಯೂಟರ್ ಮುಂದೆ ಕೂತು ಪಾಸ್‌ವರ್ಡ್ ಒಡೆಯುವವನು ಇಲ್ಲಿ ಕಥೆಯ ಹೀರೋನೇ. ನಾನು ಪರದೆಗಿಂತ ಜಾಸ್ತಿ ಮಗನ ಮುಖ ನೋಡುತ್ತಾ ಕೂತಿದ್ದೆ. ಏನಾದರೂ ಹೇಳುತ್ತಾನೇನೋ ಅಂತ ಕಾದೆ. ಅರ್ಧ ಸಿನಿಮಾ ಮುಗಿದಿರಬೇಕು. ಕಾಲು ಮಡಚಿಕೊಂಡು ಸೋಫಾದ ಅಂಚಿಗೆ ಬಂದು ಕೂತ. ಕಣ್ಣು ಟಿವಿಯಿಂದ ತೆಗೆಯದೆ, ಕೈಯಲ್ಲಿದ್ದ ಚಕ್ಕುಲಿ ಮರೆತು, ಮೆಲ್ಲಗೆ ಅಂದ.

"ಅಪ್ಪ, ಆ ಚಿಕ್ಕಪ್ಪನ ಮೇಲೇ ನಂಗೆ ಡೌಟು."